ತಾಯ ನುಡಿ, ಬರೆಯುವ ನುಡಿ

ಶಂ. ಬಾ. ಜೋಶಿಯವರ ಹೆಸರನ್ನು ನಾನು ಮೊಟ್ಟಮೊದಲು ಓದಿದ್ದು ಕನ್ನಡ ಅಕ್ಷರಗಳಲ್ಲಲ್ಲ, ನಾಗರಿಯಲ್ಲಿ. ಖಾನಾಪುರದಲ್ಲಿ ನನ್ನ ಸೋದರಮಾವನ ಮನೆಯ ಗೋಡೆಗಪಾಟಿನಲ್ಲಿ, ಹಳೆಯ ಪಂಚಾಂಗಗಳೂ ಮರಾಠಿ ದೀಪಾವಳಿ ಸಂಚಿಕೆಗಳೂ ತುಂಬಿದ್ದ ಸಂದಿಯಲ್ಲಿ, ರಟ್ಟು ಕಳಚಿದ ಒಂದು ಪುಸ್ತಕವಿತ್ತು. ‘ಮರ್ಹಾಟೀ ಸಂಸ್ಕೃತಿ: ಕಾಹೀ ಸಮಸ್ಯಾ’ ಎಂದು ಅದರ ಹೆಸರು. ನನಗಾಗ ಹದಿಮೂರೋ ಹದಿನಾಲ್ಕೋ ವರುಷ. ಪುಸ್ತಕದ ಹೆಸರಿಗಿಂತ ಬರೆದವರ ಹೆಸರು ವಿಚಿತ್ರವೆನಿಸಿ, ಇವರು ಯಾರು ಎಂದು ಮಾಮಾನನ್ನು ಕೇಳಿದೆ. ಆತ ಮರಾಠಿ ಶಾಲೆಯ ಮಾಸ್ತರ. ಅಡಕೆ ಕತ್ತರಿಸುವುದನ್ನು ನಿಲ್ಲಿಸದೆಯೇ, ‘ಆಪಲಾಚ ಮಾಣೂಸ’ ಎಂದ. ನಮ್ಮವನೇ ಎಂದು ಅದರ ಅರ್ಥ.

ಎಂಟು ವರುಷಗಳ ತರುವಾಯ ಎಂ.ಎ. ತರಗತಿಯಲ್ಲಿ ಕುಳಿತಿದ್ದಾಗ ನಮ್ಮ ಗುರುಗಳು ಅದೇ ಹೆಸರನ್ನು ಎತ್ತಿದರು. ‘ಕಂನುಡಿಯ ಬೇರನ್ನು ಗೋದಾವರಿಯಾಚೆಗೂ ಅಗೆದು ನೋಡಿದವರು, ನಮ್ಮವರು’ ಎಂದು ಅವರು ಅಭಿಮಾನದಿಂದ ಹೇಳಿದಾಗ ನಾನು ಬೆಂಚಿನ ಮೇಲೆ ಸ್ವಲ್ಪ ಕದಲಿದೆ. ಮಾಮಾನ ಮನೆಯ ಗಂಟೊಂದನ್ನು ಯಾರೋ ಹೇಳದೆ ಕೇಳದೆ ಹೊತ್ತು ತಂದಂತೆ ಅನಿಸಿತು. ಎರಡು ಮನೆಯವರೂ ನಮ್ಮವನೆನ್ನುವ ಈ ಮನುಷ್ಯ ಯಾರವನು?

ಈ ಪ್ರಶ್ನೆ ನನಗೆ ಬರಿಯ ಪಾಂಡಿತ್ಯದ ಪ್ರಶ್ನೆಯಲ್ಲವೆಂಬುದನ್ನು ವಾಚಕರಿಗೆ ಮೊದಲೇ ಹೇಳಿಬಿಡುವುದು ನ್ಯಾಯ. ನಮ್ಮ ತಂದೆಯವರದು ಬೈಲಹೊಂಗಲದ ಕಡೆಯ ಕನ್ನಡ ಮನೆತನ. ತಾಯಿಯದು ಖಾನಾಪುರದ ಮರಾಠಿ ಮನೆತನ. ನಾನು ತಂದೆಯನ್ನು ಅಪ್ಪ ಎಂದೂ ತಾಯಿಯನ್ನು ಆಯಿ ಎಂದೂ ಕರೆದು ಬೆಳೆದವನು. ತೊಟ್ಟಿಲಲ್ಲಿ ಕೇಳಿದ ಹಾಡು ಮರಾಠಿ, ಪಾಟಿಯ ಮೇಲೆ ತಿದ್ದಿದ ಅಕ್ಷರ ಕನ್ನಡ. ಹೊಟ್ಟೆಪಾಡಿಗೆ ಬೆಳಗಾವಿಯ ಕಾಲೇಜೊಂದರಲ್ಲಿ ಕನ್ನಡವನ್ನೇ ಕಲಿಸುತ್ತೇನೆ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಓಣಿಯಲ್ಲಿ ಇಂಥ ಮನೆಗಳು ಬೇಕಾದಷ್ಟಿವೆ. ವಿಶೇಷವೆನಿಸಿದ್ದು ೨೦೧೧ರ ಫೆಬ್ರುವರಿಯಲ್ಲಿ, ಜನಗಣತಿಯವರು ಮನೆಗೆ ಬಂದ ದಿನ.

ಬಂದವರು ಕನ್ನಡ ಶಾಲೆಯ ಬಾಯಿಯವರು. ಬಿಸಿಲಲ್ಲಿ ತಿರುಗಿ ದಣಿದಿದ್ದರು. ಆಯಿ ಚಹಾ ಇಟ್ಟು ಎದುರಿಗೆ ಕುಳಿತಳು. ಹೆಸರು, ವಯಸ್ಸು, ಓದು, ಎಲ್ಲ ಮುಗಿದ ಮೇಲೆ, ‘ಅಮ್ಮಾರ, ನಿಮ್ಮ ಮಾತೃಭಾಷಾ?’ ಎಂದು ಕೇಳಿದರು.

‘ಮರಾಠಿ.’

‘ಮಗಂದರೀ?’

ಆಯಿ ಒಮ್ಮೆ ನನ್ನ ಮುಖ ನೋಡಿದಳು. ‘ಅವಂದು ಕನ್ನಡ ಬರಕೋರಿ ಬಾಯಾರ. ಕಾಲೇಜಿನ್ಯಾಗ ಕನ್ನಡ ಕಲಸ್ತಾನ. ಮರಾಠಿ ಅಂತ ಬರದ್ರ ಮಂದಿ ಏನಂದಾರು?’

ಬಾಯಿಯವರು ಬರೆದುಕೊಂಡರು. ನಾನು ಸುಮ್ಮನಿದ್ದೆ. ಅವರು ಹೋದ ಮೇಲೆ ಆಯಿ ನನ್ನ ಬಟ್ಟಲನ್ನು ಮುಟ್ಟಿ ನೋಡಿ, ‘ಚಹಾ ಗಾರ ಝಾಲಾ ರೇ’ ಎಂದಳು. ಚಹಾ ಆರಿಹೋಗಿತ್ತು.

ಗಣತಿಯ ನಿಯಮವನ್ನು ನಾನು ಆಮೇಲೆ ಹುಡುಕಿ ಓದಿದೆ. ಒಬ್ಬನ ಬಾಲ್ಯದಲ್ಲಿ ಅವನ ತಾಯಿ ಅವನೊಡನೆ ಆಡಿದ ನುಡಿಯೇ ಅವನ ಮಾತೃಭಾಷೆ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ತಾಯಿ ಬಾಲ್ಯದಲ್ಲಿಯೇ ತೀರಿದ್ದರೆ ಮನೆಯಲ್ಲಿ ಹೆಚ್ಚಾಗಿ ಆಡುತ್ತಿದ್ದ ನುಡಿ. ಅಂದಮೇಲೆ ಸರಕಾರದ ಲೆಕ್ಕದಲ್ಲಿ ನನ್ನ ಮಾತೃಭಾಷೆ ಮರಾಠಿ. ಅದನ್ನು ಕನ್ನಡವೆಂದು ಬರೆಯಿಸಿದವಳು ನನ್ನ ತಾಯಿಯೇ! ಬೇರೆ ನುಡಿ ಬಲ್ಲವರು ಇನ್ನೆರಡನ್ನು ಬರೆಯಿಸಬಹುದೆಂದು ಪಕ್ಕದಲ್ಲಿ ಮತ್ತೊಂದು ಕಲಮು ಇತ್ತು. ಮಾತೃಭಾಷೆಗೆ ಮಾತ್ರ ಒಂದೇ ಜಾಗ.

ನಮ್ಮ ನಾಡಿನ ಸಾಹಿತ್ಯದ ಚರಿತ್ರೆಯಲ್ಲಿ ಈ ಒಂದೇ ಜಾಗದ ಕಲಮಿನಲ್ಲಿ ಹಿಡಿಸದೆ ಉಳಿದವರು ಕಡಮೆಯಲ್ಲ. ಅವರನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ಮಲಪ್ರಭೆಯ ದಂಡೆಗುಂಟ ನಡೆದರೆ ಸಾಕು. ಈ ಹೊಳೆ ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ, ಮರಾಠಿ ಆಡುವ ಕಾಡಿನ ಊರಿನಲ್ಲಿ ಹುಟ್ಟಿ, ಖಾನಾಪುರ ಪೇಟೆಯ ಮಗ್ಗುಲಲ್ಲಿ ಹಾಯ್ದು, ಕನ್ನಡದ ಎರೆಭೂಮಿಗೆ ಇಳಿಯುತ್ತದೆ. ಹಾಗೆ ಇಳಿದ ಮೇಲೆ ಅದರ ದಂಡೆಯಲ್ಲಿ ಗುರ್ಲಹೊಸೂರು ಎಂಬ ಊರು ಸಿಗುತ್ತದೆ. ಮರಾಠಿ ಸಂಗೀತ ನಾಟಕದ ಜನಕರೆನಿಸಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಅಲ್ಲಿ, ೧೮೪೩ರಲ್ಲಿ. ಶಂ. ಬಾ. ಜೋಶಿಯವರು ಹುಟ್ಟಿದ್ದೂ ಅಲ್ಲಿಯೇ, ೧೮೯೬ರ ಜನವರಿ ೪ರಂದು. ಒಂದೇ ಊರು ಮರಾಠಿಗೆ ರಂಗಭೂಮಿಯನ್ನೂ ಕನ್ನಡಕ್ಕೆ ಸಂಶೋಧಕನನ್ನೂ ಕೊಟ್ಟಿತು.

ಕಿರ್ಲೋಸ್ಕರರು ಹುಡುಗತನದಲ್ಲಿ ಮನೆಯಲ್ಲಿ ಕಲಿತದ್ದು ಕನ್ನಡ, ಮರಾಠಿ ಎರಡನ್ನೂ. ಮುಂದೆ ಪುಣೆಗೆ ಹೋದರು. ಕೆಲಕಾಲ ಬೆಳಗಾವಿಯಲ್ಲಿ ಇದ್ದರು. ೧೮೮೦ರಲ್ಲಿ ಅವರ ‘ಸಂಗೀತ ಶಾಕುಂತಲ’ ಪುಣೆಯಲ್ಲಿ ರಂಗಕ್ಕೆ ಬಂದಿತು. ಇದಕ್ಕೂ ಹಿಂದಿನ ಸಂಗತಿಯೊಂದುಂಟು. ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳ ೧೮೪೨ರಲ್ಲಿ ಸಾಂಗಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಸಂಸ್ಥಾನಿಕರು ಮರಾಠಿಯಲ್ಲಿಯೂ ಹೀಗೆ ಆಗಬೇಕೆಂದು ಬಯಸಿದರು. ಮರು ವರುಷ ವಿಷ್ಣುದಾಸ ಭಾವೆಯವರು ‘ಸೀತಾ ಸ್ವಯಂವರ’ವನ್ನು ಆಡಿಸಿದರು. ಕೊಟ್ಟದ್ದು ಕನ್ನಡ, ಬೆಳೆಸಿದ್ದು ಮರಾಠಿ. ಮುಂದೆ ಮರಾಠಿ ನಾಟಕ ಮಂಡಳಿಗಳು ಇತ್ತ ಬಂದು ಕನ್ನಡ ಜನರನ್ನೇ ಮರುಳುಮಾಡತೊಡಗಿದಾಗ, ಗದುಗಿನ ಕಡೆ ಶಾಂತಕವಿಗಳು ಸಿಟ್ಟಿಗೆದ್ದು ಕನ್ನಡ ನಾಟಕಗಳನ್ನು ಬರೆದು ಆಡಿಸಿದರು. ಆ ಸಿಟ್ಟಿಗೂ ನಾವು ಋಣಿಗಳೇ.

ಶಂ. ಬಾ. ಅವರು ಬೆಳೆದ ಕಾಲವನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಇಂಗ್ಲಿಷರು ಬೆಳಗಾವಿ ಧಾರವಾಡಗಳ ಈ ಸೀಮೆಗೆ ಕೊಟ್ಟ ಹೆಸರು ‘ದಕ್ಷಿಣ ಮರಾಠಾ ದೇಶ’. ಪೇಶವೆಯವರಿಂದ ಕೈಗೆ ಬಂದ ನಾಡಾದ್ದರಿಂದ ಹಾಗೆ ಕರೆದರೇ ಹೊರತು ಜನರ ಬಾಯಿಯ ಮಾತನ್ನು ಕೇಳಿ ಅಲ್ಲ. ಖಾನಾಪುರ, ಲೋಂಡಾಗಳ ಮೇಲೆ ಹಾಯ್ದ ರೈಲು ಕಂಪನಿಗೂ ಅದೇ ಹೆಸರು ಅಂಟಿತು. ಕನ್ನಡದ ಹುಡುಗರು ಮರಾಠಿ ಸಾಲೆಯಲ್ಲಿ ಕಲಿಯಬೇಕಾದ ಸ್ಥಿತಿಯಿತ್ತು. ಡೆಪ್ಯುಟಿ ಚನ್ನಬಸಪ್ಪನವರಂಥವರು ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಊರೂರು ತಿರುಗಿ ಕನ್ನಡ ಸಾಲೆಗಳನ್ನು ತೆರೆಯಿಸದಿದ್ದರೆ ನಾನು ಈ ಲೇಖನವನ್ನು ಯಾವ ನುಡಿಯಲ್ಲಿ ಬರೆಯುತ್ತಿದ್ದೆನೋ! ಅಷ್ಟಾದರೂ ಮೇಲಿನ ಓದಿಗೆ ಪುಣೆಯ ಕಡೆಗೇ ಮುಖ ಮಾಡಬೇಕು. ಕರ್ನಾಟಕದ ಏಕೀಕರಣಕ್ಕೆ ಬಾಳನ್ನೇ ತೆತ್ತ ಆಲೂರ ವೆಂಕಟರಾಯರು ಓದಿದ್ದು ಪುಣೆಯಲ್ಲಿ. ತಿಲಕರ ‘ಗೀತಾರಹಸ್ಯ’ವನ್ನು ಕನ್ನಡಕ್ಕೆ ತಂದವರೂ ಅವರೇ. ಆ ತಲೆಮಾರಿನ ಕನ್ನಡಿಗರಿಗೆ ಮರಾಠಿಯು ಎದುರಾಳಿಯೂ ಹೌದು, ಓದಿನ ಬಾಗಿಲೂ ಹೌದು.

ಇಂಥ ವಾತಾವರಣದಲ್ಲಿ ಬಹಳ ಮಂದಿ ಮಾಡಿದ್ದು ಎರಡರಲ್ಲೊಂದು: ಮರಾಠಿಗೆ ಒಲಿದುಹೋದರು, ಇಲ್ಲವೆ ಮುನಿದು ದೂರ ನಿಂತರು. ಶಂ. ಬಾ. ಅವರು ಮೂರನೆಯದನ್ನು ಮಾಡಿದರು. ಮರಾಠಿಯ ಒಳಗೆ ಹೊಕ್ಕು ಅಲ್ಲಿ ಕನ್ನಡ ಎಷ್ಟಿದೆ ಎಂದು ಹುಡುಕಿದರು. ಧಾರವಾಡದಲ್ಲಿ ಶಾಲೆಯ ಮಾಸ್ತರಿಕೆ ಮಾಡುತ್ತ, ಸಂಜೆ ಮನೆಗೆ ಬಂದು, ಊರುಗಳ ಹೆಸರನ್ನು ಬರೆಯುತ್ತ ಕೂಡುವ ಕೆಲಸ. ‘ಕಣ್ಮರೆಯಾದ ಕನ್ನಡ’, ‘ಕನ್ನಡದ ನೆಲೆ’, ‘ಎಡೆಗಳು ಹೇಳುವ ಕಂನಾಡ ಕಥೆ’ ಈ ಹೆಸರುಗಳನ್ನು ನೋಡಿದರೇ ಅವರ ಹಾದಿ ತಿಳಿಯುತ್ತದೆ. ಅರಸರ ವಂಶಾವಳಿಗಿಂತ ಎಡೆಯ ಹೆಸರಿಗೆ ಆಯುಷ್ಯ ಹೆಚ್ಚು. ಆಳುವವರು ಬದಲಾದರೂ, ಆಡುವ ನುಡಿಯೇ ಬದಲಾದರೂ, ಊರಿನ ಹೆಸರು ಹಳೆಯವರ ಬಾಯಿಯ ಗುರುತನ್ನು ಇಟ್ಟುಕೊಂಡಿರುತ್ತದೆ ಎಂಬುದು ಅವರ ನಂಬಿಕೆ.

ಅದು ಹೇಗೆಂಬುದನ್ನು ನಮ್ಮ ತಾಲೂಕಿನದೇ ಒಂದು ಉದಾಹರಣೆಯಿಂದ ನಾನು ತೋರಿಸುತ್ತೇನೆ. ಇದು ಅವರದಲ್ಲ, ಅವರ ಹಾದಿಯಲ್ಲಿ ನಾನು ಹೆಕ್ಕಿಕೊಂಡದ್ದು. ನಂದಗಡದ ಆಚೆಗೆ ಹಲಸಿಯೆಂಬ ಊರಿದೆ. ಬನವಾಸಿಯ ಕದಂಬರ ಎರಡನೆಯ ರಾಜಧಾನಿ. ಅಲ್ಲಿ ದೊರೆತ ಐದನೆಯ ಶತಮಾನದ ತಾಮ್ರಪಟಗಳಲ್ಲಿ ಅದರ ಹೆಸರು ಪಲಾಶಿಕಾ. ನಡುಗಾಲದ ಕನ್ನಡ ಶಾಸನಗಳಲ್ಲಿ ಅದು ಪಲಸಿಗೆ. ಗೋವೆಯ ಕದಂಬರು ಹನ್ನೆರಡನೆಯ ಶತಮಾನದಲ್ಲಿ ಭೂವರಾಹ ನರಸಿಂಹನ ಗುಡಿ ಕಟ್ಟಿಸಿದ್ದು ಇದೇ ಊರಿನಲ್ಲಿ. ಇಂದು ಹಲಸಿ. ಪಾಲು ಹಾಲಾದಂತೆ, ಪಳ್ಳಿ ಹಳ್ಳಿಯಾದಂತೆ, ಪಲಸಿಗೆ ಹಲಸಿಗೆಯಾಯಿತು. ಪಕಾರ ಹಕಾರವಾಗುವ ಈ ಮಾರ್ಪಾಟು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದಲ್ಲಿ ನಡೆದದ್ದು, ಮರಾಠಿಯಲ್ಲಿ ಇಲ್ಲ. ಆದರೆ ಖಾನಾಪುರದ ನನ್ನ ಅಜ್ಜಿ, ಕನ್ನಡದ ಒಂದು ವಾಕ್ಯವನ್ನು ನೆಟ್ಟಗೆ ಆಡಲಾರದವಳು, ಆ ಊರನ್ನು ‘ಹಲಶಿ’ ಎನ್ನುತ್ತಿದ್ದಳು. ಆಕೆಯ ಬಾಯಲ್ಲಿದ್ದ ಆ ಹಕಾರ ಕನ್ನಡದ್ದು. ಆಕೆಗೆ ಇದನ್ನು ಹೇಳಿದ್ದರೆ, ‘ಅಸೇಲ ಬಾಬಾ’ ಎಂದು ಸೊಪ್ಪು ಸೋಸುತ್ತ ಕೂಡುತ್ತಿದ್ದಳು, ಇದ್ದೀತಪ್ಪ ಎಂದು.

ಊರಿನ ಹೆಸರೇ ಏಕೆ, ಅಡಿಗೆಮನೆಯನ್ನೇ ನೋಡಬಹುದು. ಮರಾಠಿಯವರ ತೂಪ ನಮ್ಮ ತುಪ್ಪ. ಮಾಮಾನ ಕೈಯಲ್ಲಿದ್ದ ಅಡಕಿತ್ತಾ ನಮ್ಮ ಅಡಕತ್ತರಿಯ ಬಳಗ. ಅಣ್ಣಾ, ಅಕ್ಕಾ ಎರಡೂ ಕಡೆಯವು.

‘ಆಪಲಾಚ ಮಾಣೂಸ’ ಎಂದಿದ್ದನಲ್ಲ ಮಾಮಾ, ಆ ಮಾತಿನಲ್ಲಿ ಇನ್ನೊಂದು ಸ್ವಾರಸ್ಯವುಂಟು. ಮರಾಠಿಯಲ್ಲಿ ‘ನಮ್ಮ’ ಎನ್ನುವುದಕ್ಕೆ ಎರಡು ಶಬ್ದ. ಕೇಳುವವನನ್ನು ಹೊರಗಿಟ್ಟು ನಮ್ಮದೆಂದರೆ ‘ಆಮಚಾ’. ಕೇಳುವವನನ್ನೂ ಕೂಡಿಸಿಕೊಂಡು ನಮ್ಮದೆಂದರೆ ‘ಆಪಲಾ’. ಈ ಭೇದವನ್ನು ಮರಾಠಿಯು ದ್ರಾವಿಡ ನುಡಿಗಳ ಸಹವಾಸದಿಂದ ಕಲಿತಿರಬೇಕೆಂದು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ತಮಾಷೆಯೆಂದರೆ, ತಮಿಳು ತೆಲುಗುಗಳು ಈ ಭೇದವನ್ನು ಇಂದಿಗೂ ಇಟ್ಟುಕೊಂಡಿದ್ದರೆ, ಕನ್ನಡ ಮಾತ್ರ ಅದನ್ನು ಕಳೆದುಕೊಂಡಿದೆ. ನಮ್ಮ ಗುರುಗಳು ‘ನಮ್ಮವರು’ ಎಂದಾಗ ಅದರಲ್ಲಿ ಮಾಮಾ ಇದ್ದನೋ ಇಲ್ಲವೋ ತಿಳಿಯುವಂತಿರಲಿಲ್ಲ. ಮಾಮಾನ ‘ಆಪಲಾ’ದಲ್ಲಿ ನಾನಿದ್ದೆ.

ಮೂಲ ವಿಷಯಕ್ಕೆ ಬರುತ್ತೇನೆ. ೧೯೫೨ರಲ್ಲಿ ಬಂದ ಆ ಮರಾಠಿ ಪುಸ್ತಕದಲ್ಲಿ ಶಂ. ಬಾ. ಅವರು ಎತ್ತಿದ ಪ್ರಶ್ನೆ ಸಣ್ಣದಲ್ಲ. ‘ಮರ್ಹಾಟ’ ಎಂಬ ಶಬ್ದವನ್ನು ಪಂಡಿತರು ಸಂಸ್ಕೃತದ ‘ಮಹಾರಾಷ್ಟ್ರ’ದಿಂದ ಬಿಡಿಸುತ್ತಿದ್ದರು. ಇವರು ಅದನ್ನು ಒಪ್ಪಲಿಲ್ಲ. ಅದರಲ್ಲಿ ಇವರಿಗೆ ಕಂಡದ್ದು ‘ಹಟ್ಟಿ’, ಕುರಿದನಗಳ ಹಟ್ಟಿ, ಹಟ್ಟಿಕಾರರು, ಪಶುಪಾಲಕರು. ಕನ್ನಡ ಮರಾಠಿಗಳು ಬೇರೆಯಾಗುವ ಮುಂಚೆ ಈ ಪ್ರಸ್ಥಭೂಮಿಯಲ್ಲಿ ದನ ಕುರಿ ಕಾಯುತ್ತ ತಿರುಗಿದ ಜನವೇ ಇಬ್ಬರಿಗೂ ಹಿರಿಯರು ಎಂದು ಅವರ ವಾದ. ‘ಹಾಲುಮತ ದರ್ಶನ’ದಲ್ಲಿಯೂ ಅವರ ಕಣ್ಣು ಈ ಕುರುಬರ ಕಡೆಗೇ. ಪಂಢರಪುರದ ವಿಠ್ಠಲನನ್ನು ಮರಾಠಿಯ ಸಂತಕವಿ ಜ್ಞಾನೇಶ್ವರನೇ ಕಾನಡಿಗನೆಂದು, ಕರ್ನಾಟಕದವನೆಂದು ಕರೆದದ್ದು ಎಲ್ಲರಿಗೂ ಗೊತ್ತಿದೆ. ಮುಂದೆ ರಾ. ಚಿಂ. ಢೇರೆಯವರು ೧೯೮೪ರ ತಮ್ಮ ದೊಡ್ಡ ಗ್ರಂಥದಲ್ಲಿ ಆ ದೇವರ ಮೂಲವನ್ನು ದಕ್ಷಿಣದ ಪಶುಪಾಲಕರಲ್ಲಿಯೇ ಹುಡುಕಿದರು. ಮರಾಠಿಯ ಒಬ್ಬ ಹಿರಿಯ ಸಂಶೋಧಕರು ಆ ದಿಕ್ಕಿನಲ್ಲಿ ಹೆಜ್ಜೆಯಿಟ್ಟದ್ದು ಶಂ. ಬಾ. ಅವರ ಹಾದಿ ಬರಿಯ ಅಭಿಮಾನದ ಹಾದಿಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.

ಅಂದಮಾತ್ರಕ್ಕೆ ಅವರು ಹೇಳಿದ್ದೆಲ್ಲ ನಿಲ್ಲುತ್ತದೆಂದು ನಾನು ಹೇಳಲಾರೆ. ತರಗತಿಯಲ್ಲಿ ಅವರ ನಿಷ್ಪತ್ತಿಗಳನ್ನು ಬಿಡಿಸುವಾಗ ನನಗೇ ಕೆಲವೆಡೆ ಕೈ ತಡೆಯುತ್ತದೆ. ಒಂದು ಅಕ್ಷರದ ಹೋಲಿಕೆ ಸಿಕ್ಕರೆ ಅವರು ಎರಡು ಹೊಳೆ ದಾಟಿಬಿಡುತ್ತಾರೆ. ಇಂದಿನ ಭಾಷಾಶಾಸ್ತ್ರ ಅಂಥ ಜಿಗಿತಗಳನ್ನು ಕ್ಷಮಿಸುವುದಿಲ್ಲ. ಅವರ ಗದ್ಯವೂ ಸುಲಭದ್ದಲ್ಲ. ಓದುವವನನ್ನು ಮುಳ್ಳುಬೇಲಿಯಲ್ಲಿ ಹಾಯಿಸಿಕೊಂಡೇ ಹೊಲಕ್ಕೆ ಕರೆದೊಯ್ಯುತ್ತದೆ. ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ ೧೯೭೦ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು, ೧೯೮೧ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ೧೯೯೧ರಲ್ಲಿ ತೀರಿಕೊಂಡಾಗ ತೊಂಬತ್ತೈದು ದಾಟಿತ್ತು. ಇಷ್ಟು ಮನ್ನಣೆ ಸಿಕ್ಕ ಲೇಖಕನನ್ನು ಇಷ್ಟು ಕಡಮೆ ಜನ ಓದಿರುವುದು ಕನ್ನಡದಲ್ಲಿ ಮಾತ್ರ ಸಾಧ್ಯವೇನೋ.

ನನಗೆ ಮುಖ್ಯವೆನಿಸುವುದು ಬೇರೊಂದು ಸಂಗತಿ. ಮರಾಠಿಯ ಬೇರಿನಲ್ಲಿ ಕನ್ನಡವಿದೆ ಎಂಬ ಮಾತನ್ನು ಅವರು ಕನ್ನಡಿಗರಿಗಷ್ಟೇ ಹೇಳಿ ಚಪ್ಪಾಳೆ ತೆಗೆದುಕೊಂಡು ಸುಮ್ಮನಾಗಬಹುದಿತ್ತು. ಅದು ಸುಲಭದ ದಾರಿ. ಇಂದೂ ಬಹಳ ಜನ ತುಳಿಯುತ್ತಿರುವ ದಾರಿ. ಅವರು ಆ ಮಾತನ್ನು ಮರಾಠಿಯವರ ಮನೆಗೆ ಹೋಗಿ, ಅವರ ನುಡಿಯಲ್ಲಿ, ಅವರು ತಿರುಗಿ ಕೇಳಬಹುದಾದ ಪ್ರಶ್ನೆಗಳಿಗೆ ಎದೆಯೊಡ್ಡಿ ಹೇಳಿದರು. ಹಾಗೆ ಹೇಳಬಲ್ಲವನು ಆ ಮನೆಯವನೂ ಆಗಿರಬೇಕಾಗುತ್ತದೆ. ಖಾನಾಪುರದ ಒಬ್ಬ ಮರಾಠಿ ಮಾಸ್ತರ ಅದನ್ನು ಓದಿ ‘ಆಪಲಾಚ’ ಎಂದನಲ್ಲ, ನನ್ನ ದೃಷ್ಟಿಯಲ್ಲಿ ಅದು ಅಕಾಡೆಮಿಯ ಪ್ರಶಸ್ತಿಗಿಂತ ಕಡಮೆಯದಲ್ಲ.

ಎಳವೆಯ ನುಡಿಯನ್ನೇ ಅಳತೆಗೋಲು ಮಾಡಿಕೊಂಡು ನಾಡನ್ನು ಅಳೆಯಹೊರಟವರು ಬೇರೆ ದೇಶಗಳಲ್ಲಿಯೂ ಇದ್ದಾರೆ. ಇಂಥದೇ ಎರಡು ಮನೆಯ ಲೇಖಕನೊಬ್ಬ ಉತ್ತರ ಧ್ರುವದ ಮಗ್ಗುಲಿನ ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ. ಹೆಸರು ಕ್ನುಡ್ ರಾಸ್ಮುಸ್ಸೆನ್. ೧೮೭೯ರಲ್ಲಿ ಹುಟ್ಟಿದ ಈತನ ತಂದೆ ಡೆನ್ಮಾರ್ಕಿನ ಪಾದ್ರಿ. ತಾಯಿಯ ಕಡೆಯಿಂದ ಮೈಯಲ್ಲಿ ಇನುಯಿಟ್ ಜನರ ರಕ್ತವೂ ಹರಿಯುತ್ತಿತ್ತು. ಆ ಮಕ್ಕಳೊಡನೆ ನಾಯಿಗಾಡಿ ಓಡಿಸುತ್ತ, ಅವರ ನುಡಿಯಾಡುತ್ತ ಬೆಳೆದವನನ್ನು ಓದಿಗಾಗಿ ಡೆನ್ಮಾರ್ಕಿಗೆ ಕಳಿಸಿದರು. ೧೯೨೧ರಿಂದ ೧೯೨೪ರ ವರೆಗೆ ಅವನು ಹಿಮದ ಮೇಲೆ ನಾಯಿಗಾಡಿಯಲ್ಲಿ ಅಮೆರಿಕಾ ಖಂಡದ ಉತ್ತರದ ಅಂಚನ್ನೆಲ್ಲ ಹಾಯ್ದು ಅಲಾಸ್ಕಾ ಮುಟ್ಟಿದ. ಸಾವಿರಾರು ಮೈಲು ದೂರದ ಜನರೊಡನೆಯೂ ಅವನು ತನ್ನ ಬಾಲ್ಯದ ನುಡಿಯಲ್ಲಿಯೇ ಮಾತಾಡಬಲ್ಲವನಾದ. ಚದುರಿದ ಆ ಜನವೆಲ್ಲ ಒಂದೇ ಬಳಗವೆಂಬುದು ಅವನಿಗೆ ಕಿವಿಯಿಂದಲೇ ಮನದಟ್ಟಾಯಿತು. ಅವರ ಕತೆ ಹಾಡುಗಳನ್ನು ಕೂಡಿಸಿ ಅವನು ಗ್ರಂಥಗಳನ್ನು ಬರೆದದ್ದು ಮಾತ್ರ ತಂದೆಯ ಡೇನಿಷ್ ನುಡಿಯಲ್ಲಿ. ಅವನನ್ನು ಡೇನರೂ ನಮ್ಮವನೆನ್ನುತ್ತಾರೆ, ಗ್ರೀನ್‌ಲ್ಯಾಂಡಿನವರೂ ನಮ್ಮವನೆನ್ನುತ್ತಾರೆ. ನಮ್ಮ ಮಾಸ್ತರರಿಗೆ ನಾಯಿಗಾಡಿ ಇರಲಿಲ್ಲ. ಕಾಲ್ನಡಿಗೆಯೂ ಊರ ಹೆಸರುಗಳ ಪಟ್ಟಿಯೂ ಇದ್ದವು.

ಇನ್ನು ಬೇಂದ್ರೆಯವರ ಮಾತು. ಅವರೂ ೧೮೯೬ರ ಅದೇ ಜನವರಿಯಲ್ಲಿ, ೩೧ರಂದು, ಧಾರವಾಡದಲ್ಲಿ ಹುಟ್ಟಿದರು. ಮನೆಯ ಮಾತು ಮರಾಠಿ. ಗಣತಿಯ ನಿಯಮದಂತೆ ಹೋದರೆ ಕನ್ನಡದ ವರಕವಿಯ ಮಾತೃಭಾಷೆ ಮರಾಠಿ ಎಂದೇ ಬರೆಯಬೇಕು. ಬರೆಯುವ ಗಣತಿದಾರನ ಕೈ ನಡುಗೀತು! ೧೯೨೯ರಲ್ಲಿ ನಮ್ಮ ಬೆಳಗಾವಿಯಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದಾಗ, ಕಾಲವನ್ನು ಹಕ್ಕಿಯಾಗಿ ಕಂಡ ತಮ್ಮ ಹಾಡನ್ನು ಹಾಡಿ ಅವರು ಕನ್ನಡ ನಾಡಿಗೆಲ್ಲ ಪರಿಚಿತರಾದರು. ಮೂರು ವರುಷಗಳ ಮೇಲೆ ‘ನರಬಲಿ’ ಕವಿತೆಗಾಗಿ ಸೆರೆಯಾಗಿ ಇದೇ ಬೆಳಗಾವಿಯ ಹಿಂಡಲಗಿ ಜೇಲಿಗೆ ಬಂದರು. ಸಮ್ಮೇಳನದ ಮಂಟಪವೂ ಸೆರೆಮನೆಯೂ ಅವರಿಗೆ ಒಂದೇ ಊರಿನಲ್ಲಿ ದೊರೆತವು. ೧೯೪೪ರಿಂದ ಹನ್ನೆರಡು ವರುಷ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು. ಮರಾಠಿಯಲ್ಲಿ ‘ಸಂವಾದ’ ಮೊದಲಾದ ಪುಸ್ತಕಗಳನ್ನು ಬರೆದರು. ಅಲ್ಲಿಯ ಸಂತರ ಬಗೆಗೆ ಅಧಿಕಾರದಿಂದ ಮಾತಾಡಿದರು.

ಅವರ ಕಾವ್ಯನಾಮವನ್ನು ನಾವು ಅದೆಷ್ಟು ಸಲ ಉಚ್ಚರಿಸಿದ್ದೇವೆ, ಆದರೆ ಅದರ ಅರ್ಥದ ಕಡೆ ಲಕ್ಷ್ಯ ಕೊಟ್ಟಿಲ್ಲ. ಅಂಬಿಕಾತನಯದತ್ತ, ಅಂಬಿಕೆಯ ಮಗ ದತ್ತ. ಅಂಬಿಕೆ ಅವರ ಹೆತ್ತ ತಾಯಿ. ತಾಯಿಯ ನುಡಿಯಲ್ಲಿ ಅಲ್ಲದೆ ಬೇರೆ ನುಡಿಯಲ್ಲಿ ಬರೆದ ಪ್ರತಿಯೊಂದು ಕವಿತೆಯ ಕೆಳಗೂ ತಾಯಿಯ ಹೆಸರನ್ನೇ ರುಜು ಹಾಕಿದ ಕವಿ ಅವರು. ಇದನ್ನು ಮೊದಲ ಬಾರಿಗೆ ಗಮನಿಸಿದ ರಾತ್ರಿ ನಾನು ಬಹಳ ಹೊತ್ತು ಎಚ್ಚರವಿದ್ದೆ. ಗಣತಿಯ ದಿನ ಸುಮ್ಮನಿದ್ದುದಕ್ಕೆ ನನಗೆ ಅಂದು ನಾಚಿಕೆಯೆನಿಸಿತು.

ಅತ್ತ ಕಡೆಯ ಪಂಕ್ತಿಯೂ ಸಣ್ಣದಲ್ಲ. ಚಿಕ್ಕೋಡಿ ತಾಲೂಕಿನ ಏಕಸಂಬೆಯಲ್ಲಿ ೧೯೨೩ರಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದು, ಧಾರವಾಡದಲ್ಲಿ ದಶಕಗಟ್ಟಲೆ ಇಂಗ್ಲಿಷ್ ಕಲಿಸುತ್ತ, ಮರಾಠಿಯ ಶ್ರೇಷ್ಠ ಕತೆಗಾರರೆನಿಸಿದ ಜಿ. ಎ. ಕುಲಕರ್ಣಿಯವರು ಯಾರವರು? ‘ಕಾಜಳಮಾಯಾ’ಕ್ಕೆ ೧೯೭೩ರಲ್ಲಿ ಬಂದ ಅಕಾಡೆಮಿ ಪ್ರಶಸ್ತಿಯನ್ನು, ಪುಸ್ತಕ ಪ್ರಕಟವಾದ ಕಾಲದ ಬಗೆಗೆ ವಾದವೆದ್ದಾಗ, ಹಿಂದಿರುಗಿಸಿಬಿಟ್ಟ ಮಾನಿ. ಬೆಳಗಾವಿಯಲ್ಲಿಯೇ ಬಾಳಿದ ಕವಯಿತ್ರಿ ಇಂದಿರಾ ಸಂತ ಅವರನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದಾರೆ? ಅವರ ಮಗ ಪ್ರಕಾಶ ನಾರಾಯಣ ಸಂತರ ವಿಷಯವಂತೂ ಇನ್ನೂ ಸ್ವಾರಸ್ಯದ್ದು. ಅವರು ತಾಯಿಯ ತವರುಮನೆಗೆ ದತ್ತು ಹೋದದ್ದರಿಂದ ಕಾಗದಪತ್ರದ ಹೆಸರು ಭಾಲಚಂದ್ರ ಗೋಪಾಳ ದೀಕ್ಷಿತ. ಕತೆ ಬರೆಯುವಾಗ ಮಾತ್ರ ಹುಟ್ಟಿದ ಮನೆಯ ಹೆಸರಿಗೆ ಮರಳಿದರು. ಅವರ ‘ವನವಾಸ’, ‘ಶಾರದಾ ಸಂಗೀತ’ಗಳ ಪುಟ್ಟ ನಾಯಕ ಲಂಪನ್‌ನೂ ತಂದೆತಾಯಿಗಳನ್ನು ಬಿಟ್ಟು ಅಜ್ಜ ಅಜ್ಜಿಯರ ಮನೆಯಲ್ಲಿ ಬೆಳೆಯುವ ಹುಡುಗ. ಅವನ ಊರು ಬೆಳಗಾವಿಯಂತೆಯೇ ಇದೆ. ಅವನ ಮರಾಠಿಯಲ್ಲಿ ಕನ್ನಡದ ಮಾತುಗಳು ಗೋಧಿಯೊಳಗಿನ ಕಡಲೆಯಂತೆ ಬೆರೆತಿವೆ. ಪುಣೆಯ ಓದುಗರಿಗೆ ಅವು ಹೊಸ ರುಚಿ. ನನಗೆ ಅದು ಮಾಮಾನ ಮನೆಯ ಅಡಿಗೆ.

೧೯೫೬ರ ನವೆಂಬರ ೧ರಂದು ರಾಜ್ಯಗಳ ಗೆರೆ ಬಿದ್ದಿತು. ೧೯೬೬ರಲ್ಲಿ ಮಹಾಜನ ಆಯೋಗ ಕುಳಿತು ಮರು ವರುಷ ವರದಿ ಕೊಟ್ಟಿತು. ೨೦೦೪ರಲ್ಲಿ ಮಾತು ಸುಪ್ರೀಂ ಕೋರ್ಟಿಗೆ ಹೋಯಿತು. ಅದನ್ನು ವಕೀಲರು ನೋಡಿಕೊಳ್ಳಲಿ. ನನ್ನ ಕೆಲಸ ತರಗತಿಯಲ್ಲಿ. ಎರಡು ವರುಷಗಳ ಹಿಂದೆ ಜಾಂಬೋಟಿಯ ಕಡೆಯಿಂದ ಬರುತ್ತಿದ್ದ ಹುಡುಗನೊಬ್ಬ ಪಾಠ ಮುಗಿದ ಮೇಲೆ ಬಾಗಿಲಲ್ಲಿ ನಿಂತ. ಮರಾಠಿ ಮನೆಯ ಹುಡುಗ. ಕೈಯಲ್ಲೊಂದು ನೋಟುಬುಕ್ಕು.

‘ಸರ, ಕನ್ನಡದಾಗ ಒಂದು ಕತಿ ಬರದೀನ್ರಿ. ನಾ ಬರದ್ರ ನಡೀತದೇನ್ರಿ?’

ವ್ಯಾಕರಣದ ಬಗೆಗೆ ಕೇಳುತ್ತಿದ್ದಾನೆಂದು ತಿಳಿದು, ತಪ್ಪಿದ್ದರೆ ತಿದ್ದೋಣ ಎಂದೆ. ಅವನು ತಲೆ ಅಲ್ಲಾಡಿಸಿದ. ‘ಹಂಗಲ್ರಿ ಸರ. ನಮ್ಮನ್ಯಾಗ ಮರಾಠಿ ಐತ್ರಿ. ಎರಡೂ ಕಡೀ ಮಂದಿ ಏನಂತಾರೋ ಅಂತ್ರಿ.’

ಆಯಿ ಆಡಿದ್ದು ಇದೇ ಮಾತು. ಮಂದಿ ಏನಂದಾರು! ನಾನು ಆ ಹುಡುಗನಿಗೆ ಉಪದೇಶ ಮಾಡಲಿಲ್ಲ. ಗ್ರಂಥಾಲಯದಿಂದ ‘ಎಡೆಗಳು ಹೇಳುವ ಕಂನಾಡ ಕಥೆ’ಯನ್ನು ತೆಗೆಸಿಕೊಟ್ಟೆ. ಹದಿನೈದು ದಿನಗಳ ಮೇಲೆ ಅದನ್ನು ಮರಳಿ ತಂದುಕೊಟ್ಟು, ಬಹಳ ಗಟ್ಟಿ ಐತ್ರಿ ಸರ, ಅರ್ಧ ತಿಳೀಲಿಲ್ಲ ಎಂದ. ನನಗೂ ಮೊದಲ ಓದಿನಲ್ಲಿ ಅರ್ಧವೇ ತಿಳಿದದ್ದು. ಅವನ ಕತೆ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಬಂದಿತು.

ಮಾಮಾ ತೀರಿಕೊಂಡು ಕೆಲವು ವರುಷಗಳಾದವು. ಕಪಾಟು ಖಾಲಿ ಮಾಡುವಾಗ ಮನೆಯವರು ಆ ರಟ್ಟಿಲ್ಲದ ಪುಸ್ತಕವನ್ನು ನನಗೆ ಕಳಿಸಿಕೊಟ್ಟರು. ಅಂಚಿನಲ್ಲೆಲ್ಲ ಸಣ್ಣ ಪೆನ್ಸಿಲ್ ಗುರುತುಗಳು. ಕೆಲವೆಡೆ ಒಪ್ಪಿಗೆಯ ಗೆರೆ, ಕೆಲವೆಡೆ ದೊಡ್ಡ ಪ್ರಶ್ನಾರ್ಥಕ ಚಿಹ್ನೆ. ಮಾಮಾ ಎಲ್ಲವನ್ನೂ ಒಪ್ಪಿರಲಿಲ್ಲ. ಕೊನೆಯ ಬರಿದಾದ ಹಾಳೆಯ ಮೇಲೆ ಖಾನಾಪುರ ತಾಲೂಕಿನ ಊರುಗಳ ಹೆಸರುಗಳನ್ನು ನಾಗರಿಯಲ್ಲಿ ಬರೆದಿದ್ದ: ಬೀಡಿ, ಇಟಗಿ, ಪಾರಿಶ್ವಾಡ, ಗುಂಜಿ, ಕಾಪೋಲಿ, ನಂದಗಡ, ಜಾಂಬೋಟಿ, ಕಣಕುಂಬಿ. ಹಿರೇಹಟ್ಟಿಹೊಳಿ, ಚಿಕ್ಕಹಟ್ಟಿಹೊಳಿ ಎಂಬ ಎರಡು ಹೆಸರುಗಳಲ್ಲಿ ‘ಹಟ್ಟಿ’ಯ ಕೆಳಗೆ ಗೆರೆ ಎಳೆದಿದ್ದ.

೨೦೨೧ರಲ್ಲಿ ಆಗಬೇಕಾಗಿದ್ದ ಗಣತಿ ಮುಂದಕ್ಕೆ ಹೋಯಿತು. ಮತ್ತೆ ಗಣತಿಯವರು ಬಂದರೆ ನನ್ನ ಕಲಮಿನಲ್ಲಿ ಏನು ಬರೆಯಿಸಲಿ ಎಂದು ಹೋದ ತಿಂಗಳು ಆಯಿಯನ್ನು ಕೇಳಿದೆ. ಆಕೆಗೀಗ ಕಿವಿ ಮಂದ. ಪ್ರಶ್ನೆ ಕೇಳಿಸಿತೋ ಇಲ್ಲವೋ. ನನ್ನ ಕೈಯಲ್ಲಿದ್ದ ಪುಸ್ತಕದಲ್ಲಿ ಅಣ್ಣನ ಅಕ್ಷರ ಕಂಡು, ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದಳು. ಕಡೆಗೆ ಮರಾಠಿಯಲ್ಲಿ, ‘ದಾದಾ ನಮ್ಮ ಹೊಲದ ಹೆಸರನ್ನೇ ಬಿಟ್ಟಿದ್ದಾನೆ’ ಎಂದಳು.

ಯಾವ ಹೆಸರು ಎಂದೆ.

‘ಹಟ್ಟೀಚಾ ಮಾಳ.’

ಪೆನ್ಸಿಲು ತಂದು ಮಾಮಾನ ನಾಗರಿ ಅಕ್ಷರಗಳ ಕೆಳಗೆ ನಾನು ಅದನ್ನು ಕನ್ನಡದಲ್ಲಿ ಬರೆದೆ.